ಗುಡುಗಿನ ಪಕ್ಕದ ಮೈಕು

ಇಪ್ಪತ್ತೆರಡು ವರ್ಷ ಪಿಟೀಲು ನುಡಿಸಿದವನು ಅದನ್ನು ಅಟ್ಟಕ್ಕೆಸೆದು ಯುದ್ಧದ ವರದಿಗಾರನಾಗಲು ಕಾರಣ ಒಂದು ಮೈಕು. ಪ್ರತಿ ಸಂಗೀತ ಕಚೇರಿಯಲ್ಲೂ ಇವನು ಪಕ್ಕವಾದ್ಯ ನುಡಿಸುತ್ತಿದ್ದ ಗಾಯಕರು (ಊರೆಲ್ಲ ಅವರನ್ನು ಗುಡುಗು ಎಂದೇ ಕರೆಯುತ್ತಿತ್ತು) ಹಾಡುತ್ತಲೇ ಕೈಸನ್ನೆ ಮಾಡಿ ಇವನ ಮೈಕಿನ ದನಿ ತಗ್ಗಿಸಲು ಹೇಳುತ್ತಿದ್ದರು. ಹೋದ ತಿಂಗಳು ಇವನ ಪಿತ್ತ ನೆತ್ತಿಗೇರಿತು. "ಇನ್ನು ನಿಮ್ ಪಕ್ಕ ಕೂತ್ರೆ ಕೇಳಿ!" ಎಂದು ಕಿರುಚಿ ವೇದಿಕೆಯಿಂದಲೇ ಎದ್ದುಹೋದ.

"ಹೋಗಿ ಹೋಗಿ ಗುಂಡು ಬೀಳೋ ಕಡೆಗಾ?" ಹೆಂಡತಿ ತಲೆ ಚಚ್ಚಿಕೊಂಡಳು.

"ಅಲ್ಲಾದ್ರೂ ನನ್ ದನಿ ಕೇಳತ್ತೆ ಕಣೇ!"

ರೇಡಿಯೋದವರದು ಒಂದೇ ಷರತ್ತು. ಇವತ್ತಿನ ಮೊದಲ ನೇರ ವರದಿ ಸರಿಯಾಗಿ ಬಂದರೆ ಕೆಲಸ ಖಾಯಂ. ಗಡಿಯ ಪಾಳುಶಾಲೆಯೊಂದರಲ್ಲಿ, ಸೈನಿಕರ ನಡುವೆ, ಮೈಕು ಹಿಡಿದು ಕೂತ. ಇಡೀ ದೇಶ ಕೇಳುತ್ತಿತ್ತು.

ಒಂದು ಶೆಲ್ಲು ಬಿತ್ತು. ಎರಡು. ಮೂರು. ಮಾತಾಡುತ್ತಿದ್ದಂತೆಯೇ ಇವನ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ನಾಲ್ಕನೆಯದು ತಾಳದ ಪೆಟ್ಟಿಗೆ ಕೂದಲೆಳೆಯಷ್ಟೂ ತಪ್ಪದೆ ಬಂದು ಬಿತ್ತು.

"ಭೇಷ್!" ಎಂದುಬಿಟ್ಟ.

ಕ್ಯಾಪ್ಟನ್ ಕೆಂಡಾಮಂಡಲವಾದ. "ಏನ್ರೀ, ಯಾರ ಕಡೆಯವ್ರು ನೀವು?"

"ಅಭ್ಯಾಸಬಲ ಸಾರ್... ತಾಳಕ್ಕೆ ಸರಿಯಾಗಿ ಬಿತ್ತು."

"ಬಿದ್ದಿದ್ದು ನಮ್ ಅಡುಗೆಮನೆ ಮೇಲ್ರೀ! ಇಡೀ ತುಕಡಿ ಊಟ ಮಣ್ಣುಪಾಲು!"

ಹಸಿದ ಸೈನಿಕರೆಲ್ಲ ಇವನನ್ನು ತಿನ್ನುವಂತೆ ನೋಡಿದರು. ಜೀಪಿನ ಚಾಲಕ, "ನಡ್ಕೊಂಡೇ ವಾಪಸ್ ಹೋಗಿ" ಎಂದ. ಅಷ್ಟರಲ್ಲಿ ಹೆಂಡತಿಯ ಫೋನು. "ಪಕ್ಕದ್ಮನೆಯವ್ರು ಬಾಗಿಲಿಗೇ ಬಂದು ಉಗೀತಿದಾರೆ, ಏನ್ ಹೇಳ್ಲಿ?"

"ಯುದ್ಧ ಮಾಡ್ತಿರೋರ್ನ ಉಗೀರಿ ಅನ್ನು!" ಇವನು ಅಬ್ಬರಿಸಿದ. "ಒಂದು ಬರಡು ಹೊಲಕ್ಕೆ ಎರಡು ದೇಶ ಹೊಡ್ಕೊಂಡ್ ಸಾಯ್ತಿವೆ, ಅದು ತಪ್ಪಲ್ಲ, ನಾನು ಭೇಷ್ ಅಂದಿದ್ದು ತಪ್ಪಾ?" ಮೈಕು ಆರಿಸಿರಲಿಲ್ಲವೆಂದು ಆಮೇಲೆ ತಿಳಿಯಿತು.

ರೇಡಿಯೋದ ಮುಖ್ಯಸ್ಥರು ಉಗಿದು ಉಪ್ಪಿನಕಾಯಿ ಹಾಕಿದರು. ಆದರೆ ಕೆಲಸದಿಂದ ತೆಗೆಯಲಿಲ್ಲ. "ಇನ್ಮೇಲೆ ನೀವು ಬಾಯಿ ಬಿಡ್ಬೇಡಿ. ಒಳ್ಳೆ ದನಿ ಇರೋ ಹಿರಿಯರೊಬ್ರನ್ನ ಕಳಿಸ್ತಿದೀನಿ. ಅವ್ರ ಪಕ್ಕ ಕೂತು, ಕೇಳಿದ್ದು ಮಾಡ್ಕೊಡಿ."

ಖಾಯಂ ಆಗದಿದ್ದರೂ ಕೆಲಸ ಉಳಿಯಿತಲ್ಲ ಎಂದು ಇವನು ಉಸಿರುಬಿಟ್ಟ. ಸಂಜೆಗೆ ಜೀಪು ಬಂತು. ಹೆಲ್ಮೆಟ್ಟಿನ ಮೇಲೆ ಮಫ್ಲರ್ ಸುತ್ತಿಕೊಂಡ ಗುಡುಗು ಕೆಳಗಿಳಿದರು.

"ನೀನು ಎದ್ದುಹೋದ್ಮೇಲೆ ನನ್ ಪಕ್ಕ ಯಾರೂ ಕೂರಲ್ಲ ಅಂದ್ರಯ್ಯಾ," ಎಂದು ಹಲ್ಲು ಕಡಿದರು. "ನಾನೂ ಹೊಟ್ಟೆ ಹೊರೀಬೇಕಲ್ಲ!"

ಕೂತು ಗಂಟಲು ಸರಿಮಾಡಿಕೊಂಡರು. ಆಮೇಲೆ ಇವನ ಕಡೆ ನೋಡದೆಯೇ, ಧ್ವನಿಯಂತ್ರದ ಮುಂದೆ ಕೂತ ರೇಡಿಯೋದವನಿಗೆ ಕೈಸನ್ನೆ ಮಾಡಿದರು. ಅವನು ಇವನ ಮೈಕು ತಗ್ಗಿಸಿದ.