ಬೋಸಂಗ್ ಅಕ್ಕನ ಮಿದುಳಿನ ಮಾತ್ರೆ

ಹಿರಿಯರ ಮನೆಯ ಸೋಯಾ ಸಾರು ತಳ ಹಿಡಿದದ್ದೇ ಎಲ್ಲ ಗೋಳಿಗೂ ಮೂಲ. ಬೋಸಂಗ್ ಊರಿನಿಂದ ಸೊಸೆಯಾಗಿ ಬಂದಂದಿನಿಂದ ಹಳ್ಳಿಗೆಲ್ಲ ಆಕೆ ಬೋಸಂಗ್ ಅಕ್ಕ; ಅಲ್ಲಿ ಸೊಸೆಯರಿಗೆಲ್ಲ ತವರೂರೇ ಹೆಸರು. ಮುದುಕಿಯರೆಲ್ಲ ಒಟ್ಟಿಗೆ ಉಣ್ಣುವ ಆ ಮನೆಯ ಒಲೆ, ಸೌಟು ಅವಳವೇ. ಗಂಡ ಹೋದ ಮೇಲೆ ಆ ಒಲೆಯೇ ಅವಳ ಜೀವ. ಸೀದ ವಾಸನೆಗೆ ಊರ ಮುಖಂಡ ಪ್ಯೋ ಓಡಿ ಬಂದ.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಇವತ್ತು ನರ್ಸಮ್ಮ ಮರೆವಿನ ಪರೀಕ್ಷೆ ಮಾಡೋಕೆ ಬರ್ತಾರೆ. ಪಾಸಾದ್ರೆ ಒಲೆ ನಿಮ್ದು. ಇಲ್ಲಾಂದ್ರೆ ನಾಜು ಅಕ್ಕಂಗೆ."

ಬೋಸಂಗ್ ಅಕ್ಕ ಮನೆಗೆ ಓಡಿದಳು. ಮಿದುಳಿಗೆ ಒಳ್ಳೆಯದೆಂದು ಮಗಳು ಸಿಯೋಲ್‌ನಿಂದ ಕಳಿಸಿದ್ದ ಕೋಲೀನ್ ಮಾತ್ರೆಯ ಡಬ್ಬಿ ಮನೆಯಲ್ಲಿ ಧೂಳು ತಿನ್ನುತ್ತಿತ್ತು. ಅದನ್ನೇ ಎತ್ತಿಕೊಂಡು ಬಂದಳು.

"ಮೊಟ್ಟೆ ಹಳದೀಲೂ ಅದೇ ಇರೋದಂತೆ. ಜೊತೆಗೆ ಎರಡು ತಿನ್ನೇ" ಎಂದು ನಾಜು ಅಕ್ಕನೇ ಮೊಟ್ಟೆ ಬೇಯಿಸಿ ಕೊಟ್ಟಳು. ಹಳದಿ ಗಂಟಲಿಗೆ ಸಿಕ್ಕಿತು. ಒಬ್ಬಳು ಬೆನ್ನಿಗೆ ಗುದ್ದಿದಳು, ಇನ್ನೊಬ್ಬಳು ನೀರು ಸುರಿದಳು. ಗಲಾಟೆ ಮುಗಿದಾಗ ಮಾತ್ರೆ ಒಳಗೆ ಹೋಯಿತೋ ಹೊರಗೆ ಬಂತೋ ಯಾರಿಗೂ ಗೊತ್ತಿಲ್ಲ.

"ನುಂಗಿದ್ಲು, ನಾನೇ ನೋಡ್ದೆ."

"ಎಲ್ಲಿ ನುಂಗಿದ್ಲು? ಉಗುಳಿಬಿಟ್ಲು!"

"ನುಂಗಿದ್ದೂ ನೆನಪಿಲ್ಲ ಅಂದ್ಮೇಲೆ ಇನ್ನೊಂದು ಬೇಕೇ ಬೇಕು" ಎಂದಳು ನಾಜು ಅಕ್ಕ, ನಗದೆ. ಬೋಸಂಗ್ ಅಕ್ಕ ಇನ್ನೊಂದು ನುಂಗಿದಳು.

ನರ್ಸ್ ಬಂದು ಒಬ್ಬೊಬ್ಬರನ್ನೇ ಕರೆದಳು. ನೂರರಿಂದ ಏಳೇಳು ಕಳೆಯಲು ಹೇಳುತ್ತಾರಂತೆ. ಬೋಸಂಗ್ ಅಕ್ಕ ಮೂಲೆಯಲ್ಲಿ ಕಣ್ಣು ಮುಚ್ಚಿ "ತೊಂಬತ್ತಮೂರು, ಎಂಬತ್ತಾರು" ಎಂದು ಜಪಿಸುತ್ತಿದ್ದಳು.

"ಮೇಂಗ್ ಸುಂದೊಕ್!"

ಯಾರೂ ಏಳಲಿಲ್ಲ. ನರ್ಸ್ ಮತ್ತೆ ಕರೆದಳು. ಮುದುಕಿಯರು ಮುಖ ಮುಖ ನೋಡಿಕೊಂಡರು. ಮೂರನೆಯ ಸಲಕ್ಕೆ ಬೋಸಂಗ್ ಅಕ್ಕ ಕಣ್ಣು ತೆರೆದಳು.

"ಅಯ್ಯೋ ಪಾಪ, ಯಾರವಳು? ಹೆಸರೇ ಮರ್ತು ಕೂತಿದಾಳಲ್ಲ! ತಗೊಳಮ್ಮ, ಅವಳಿಗೂ ಒಂದು ಮಾತ್ರೆ ಕೊಡು."

ನರ್ಸ್ ಮೆಲ್ಲಗೆ ಹತ್ತಿರ ಬಂದಳು. "ಅಜ್ಜಿ, ಇನ್ನು ಉಳಿದಿರೋದು ನೀವೊಬ್ರೇ."

ಅದು ಅವಳದೇ ಹೆಸರು. ಆ ಹೆಸರಿಟ್ಟ ಅಪ್ಪ ಸತ್ತ ಮೇಲೆ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಗಂಡನಿಗೆ ಅವಳು 'ಇವಳೇ', ಊರಿಗೆ ಬೋಸಂಗ್. ಗಟ್ಟಿ ಜೀವ, ಹೆಸರು ಕೂಗುವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಅವಳಿಗೆ ಅಳು ಬಂತು.

ಆಮೇಲೆ ಒಂದು ಲೆಕ್ಕವೂ ತಪ್ಪಲಿಲ್ಲ. "ತಲೆ ಚುರುಕಾಗೇ ಇದೆ" ಎಂದಳು ನರ್ಸ್. ಪ್ಯೋ ಮಾತ್ರ ಸೌಟನ್ನು ನಾಜು ಅಕ್ಕನ ಕೈಗಿಟ್ಟ. "ಸ್ವಂತ ಹೆಸರೇ ಗೊತ್ತಾಗದೋರ ಕೈಗೆ ಗ್ಯಾಸ್ ಒಲೆ ಹೇಗೆ ಕೊಡ್ಲಿ ಅಕ್ಕಾ?"

ಮಧ್ಯಾಹ್ನ ಅಡುಗೆಮನೆಯಿಂದ ನಾಜು ಅಕ್ಕ ಕೂಗಿದಳು: "ಸುಂದೊಕ್, ಊಟಕ್ಕೆ ಬಾರೇ! ಎಷ್ಟು ಚೆಂದದ ಹೆಸರು, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?"

ಈ ಸಲ ಅವಳಿಗೆ ಮೊದಲನೆಯ ಕೂಗಿಗೇ ಕೇಳಿಸಿತು. ಕಣ್ಣೊರೆಸಿಕೊಂಡು ಬಂದು ಕೂತಳು. ಸಾರು ಬಾಯಿಗಿಡಲಾರದಷ್ಟು ಉಪ್ಪಾಗಿತ್ತು.