ಕನ್ನಡ ಮಾತಾಡುವ ಷರೀಫ

ನಮ್ಮ ಭಾವನವರ ಪ್ರಕಾರ ಅಮೆರಿಕ ಬಾಗಿಲು ಹಾಕಿ ಐವತ್ತು ವರ್ಷದ ಮೇಲಾಯಿತು. ಈಗ ಅದೇ ಜಾಗದಲ್ಲಿ, ಅದೇ ಬೋರ್ಡು ತಗುಲಿಸಿಕೊಂಡು ಬೇರೆ ಯಾರೋ ಅಂಗಡಿ ನಡೆಸುತ್ತಿದ್ದಾರಂತೆ! ಹಾಗಾದರೆ ಅಸಲಿ ಅಮೆರಿಕ ಎಲ್ಲಿ ಹೋಯಿತು ಅಂತ ಕೇಳಿದಿರೋ, ಕೆಟ್ಟಿರಿ. ನಿಮ್ಮನ್ನು ಸೋಫಾದ ಮೇಲೆ ಕೂರಿಸಿ, ಕೈಗೊಂದು ಕಾಫಿ ಲೋಟ ಕೊಟ್ಟು, ಟಿ.ವಿ. ಹಾಕುತ್ತಾರೆ. ಕಪ್ಪು ಬಿಳುಪಿನಲ್ಲಿ ಒಂದು ಕುದುರೆ ಧೂಳೆಬ್ಬಿಸಿಕೊಂಡು ಬರುತ್ತದೆ. "ನೋಡಮ್ಮಾ, ಇದು ಅಮೆರಿಕ. ಬಣ್ಣ ಬಂತು, ಕೆಟ್ಟುಹೋಯ್ತು," ಎನ್ನುತ್ತಾರೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಆಪರೇಷನ್ನಿಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ಈಗ ನಿವೃತ್ತರಾಗಿ ಅಕ್ಕನ ಜೊತೆ ಡಾಲಸ್ ಹತ್ತಿರದ ಮರ್ಫಿಯಲ್ಲಿದ್ದಾರೆ. ನಾವಿರುವುದು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ. ತಿಂಗಳಿಗೊಮ್ಮೆ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋಗುತ್ತೇವೆ. "ನಿಮ್ಮ ಭಾವ ಜನರನ್ನ ಮಲಗಿಸೋ ಕಸುಬು ಇನ್ನೂ ಬಿಟ್ಟಿಲ್ಲ ಕಣೆ, ಮೊದಲು ಇಂಜೆಕ್ಷನ್ ಕೊಡ್ತಿದ್ರು, ಈಗ ಟಿ.ವಿ. ತೋರಿಸ್ತಾರೆ," ಎಂಬುದು ನನ್ನ ಗಂಡನ ಆಪಾದನೆ. ಆದರೆ ಅಲ್ಲಿಗೆ ಹೋದ ಅರ್ಧ ಗಂಟೆಯಲ್ಲಿ ಬಾಯಿ ಬಿಟ್ಟುಕೊಂಡು ಗನ್‌ಫೈಟ್ ನೋಡುವವರೂ ಇವರೇ!

ಈ ಹುಚ್ಚು ಹಿಡಿದದ್ದು ಹ್ಯೂಸ್ಟನ್ನಿನಲ್ಲಿ. ಎಪ್ಪತ್ತರ ದಶಕದ ಶುರುವಿನಲ್ಲಿ ಮೈಸೂರಿನಿಂದ ಬಂದಿಳಿದ ಭಾವ, ಆಸ್ಪತ್ರೆಯ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರು. ಅಲ್ಲಿ ಯಾರೋ ಬಿಟ್ಟುಹೋದ ಟಿ.ವಿ. ಇತ್ತು. ಅದಕ್ಕೆ ಆಂಟೆನಾ ಬದಲು ಅಂಗಿ ನೇತುಹಾಕುವ ತಂತಿ. ಅರವತ್ತರ ದಶಕದ ಸೀರಿಯಲ್ಲುಗಳೆಲ್ಲ ಅದರಲ್ಲಿ ದಿನಾ ಮರುಪ್ರಸಾರವಾಗುತ್ತಿದ್ದವು. ಊರು ಕಾಯುವ ಷರೀಫರು, ಸೂಟು ಹಾಕಿಕೊಂಡು ಊಟಕ್ಕೆ ಕೂರುವ ಅಪ್ಪಂದಿರು, ಮುತ್ತಿನ ಸರ ಹಾಕಿಕೊಂಡು ಪಾತ್ರೆ ತೊಳೆಯುವ ಅಮ್ಮಂದಿರು, ಒಂದೇ ಒಂದು ಕೇಸೂ ಸೋಲದ ವಕೀಲರು. ಭಾವನಿಗೆ ಅದೇ ಪಠ್ಯ, ಅದೇ ಪರೀಕ್ಷೆ.

ಪರೀಕ್ಷೆಯ ಫಲಿತಾಂಶ ಕೆಲಸಕ್ಕೆ ಸೇರಿದ ಮೊದಲ ದಿನವೇ ಬಂತು. ಆಸ್ಪತ್ರೆಯಲ್ಲಿ ಮುಖ್ಯ ಸರ್ಜನ್ನರನ್ನು ಕಂಡ ಕೂಡಲೇ ಇವರು ಕಾಲು ಅಗಲಿಸಿ ನಿಂತು, ಎರಡೂ ಹೆಬ್ಬೆರಳುಗಳನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು, ಕೌಬಾಯ್ ರಾಗದಲ್ಲಿ "ಹೌಡೀ!" ಎಂದುಬಿಟ್ಟರು. ಬಾಸ್ಟನ್ ಕಡೆಯ ಗಂಭೀರ ಮನುಷ್ಯರಾದ ಆ ಸರ್ಜನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನಿನ್ನದು ಪಶ್ಚಿಮ ಟೆಕ್ಸಸ್ಸೇನಪ್ಪ?" ಎಂದರಂತೆ.

"ಅಲ್ಲ ಸಾರ್, ಚಾಮರಾಜಪುರಂ!"

ಅಷ್ಟಕ್ಕೇ ನಿಂತಿದ್ದರೆ ಅಮೆರಿಕದ ಪಾಡು ಅಮೆರಿಕಕ್ಕೆ ಎನ್ನಬಹುದಿತ್ತು. ಆದರೆ ಅವರು ಅಕ್ಕನನ್ನು ನೋಡಲು ಮೈಸೂರಿಗೆ ಬಂದರಲ್ಲ! ನಾನಾಗ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ. ಅಮೆರಿಕದ ಡಾಕ್ಟರು ಬರುತ್ತಾರೆಂದು ಪಕ್ಕದ ಮನೆಯಿಂದ ಕುರ್ಚಿಗಳನ್ನು ಎರವಲು ತಂದು ಹಾಲಿನಲ್ಲಿ ಜೋಡಿಸಿದ್ದೆವು. ಉಪ್ಪಿಟ್ಟು, ಕೇಸರಿಬಾತು, ಎಲ್ಲವೂ ಸಾಂಗ. ನಮ್ಮ ಅಜ್ಜಿ ಮೆಲ್ಲಗೆ ಬಂದು ಕುರ್ಚಿಯ ಮೇಲೆ ಕೂರಲು ಬಗ್ಗಿದರು ನೋಡಿ, ಭಾವನೊಳಗಿನ ಸಜ್ಜನ ಜಾಗೃತನಾದ. ಹೆಂಗಸರು ಕೂರುವಾಗ ಗಂಡಸು ಎದ್ದುಹೋಗಿ ಕುರ್ಚಿ ಹಿಂದಕ್ಕೆ ಎಳೆಯಬೇಕೆಂದು ಟಿ.ವಿ.ಯಲ್ಲಿ ನೋಡಿದ್ದರು. ಎಳೆದರು. ಆಮೇಲೆ ಅದನ್ನು ಮುಂದಕ್ಕೆ ತಳ್ಳಬೇಕೆಂಬ ಭಾಗ ಬರುವಾಗ ಪ್ರಾಯಶಃ ಅವರ ತಂತಿ ಅಲುಗಾಡಿ ಚಿತ್ರ ಹೋಗಿತ್ತೋ ಏನೋ! ಅಜ್ಜಿ ದೊಪ್ಪನೆ ನೆಲದ ಮೇಲೆ!

ನಮ್ಮಪ್ಪನ ಮುಖದಲ್ಲಿ ಸಂಬಂಧ ಮುರಿದೇ ಹೋಗಿತ್ತು. ಅಜ್ಜಿ ಕೂತಲ್ಲಿಂದಲೇ ತಲೆಯೆತ್ತಿ ವರನನ್ನು ನೋಡಿದರು. ಪಾಪ, ಅವರು ಕುರ್ಚಿ ಹಿಡಿದುಕೊಂಡು ಬೆವರುತ್ತಿದ್ದರು. ಅಜ್ಜಿಗೆ ನಗು ತಡೆಯಲಿಲ್ಲ. "ಇವನಿಗೇ ಕೊಟ್ಬಿಡ್ರೋ. ನನ್ನನ್ನ ಬೀಳಿಸಿ ಇಷ್ಟು ಹೆದರ್ಕೊಂಡಿದಾನೆ, ನಮ್ಮ ಹುಡುಗೀನ ಹೂವಿನ ಹಾಗೆ ನೋಡ್ಕೋತಾನೆ," ಎಂದರು. ಮದುವೆಯಾಯಿತು.

ಇನ್ನು ಮರ್ಫಿಯ ಆಂಟೆನಾ ಪ್ರಕರಣ. ಜಗತ್ತೆಲ್ಲ ಇಂಟರ್ನೆಟ್ಟಿನಲ್ಲಿ ಟಿ.ವಿ. ನೋಡುವಾಗ ಭಾವ ಮನೆಯ ಮೇಲೆ ಮೀನಿನ ಮುಳ್ಳಿನಂಥ ದೊಡ್ಡ ಆಂಟೆನಾ ಹಾಕಿಸಿದರು. ಹಳೆಯ ಸೀರಿಯಲ್ಲು ಗಾಳಿಯಲ್ಲಿ ಬಂದರೇ ರುಚಿಯಂತೆ! ಮರ್ಫಿ ಎಂಥ ಊರು? ಹುಲ್ಲು ಎರಡು ಬೆರಳು ಜಾಸ್ತಿ ಬೆಳೆದರೂ ಯಾರಾದರೂ ಬಂದು ವಿಚಾರಿಸುವ ಊರು. ಬಡಾವಣೆಯ ಅಸೋಸಿಯೇಷನ್ನಿನ ಅಧ್ಯಕ್ಷೆ, ಬೆಳ್ಳಿಗೂದಲಿನ ಅಮೆರಿಕನ್ ಹೆಂಗಸು, ದುಮುಗುಡುತ್ತ ಬಂದು ಬೆಲ್ ಒತ್ತಿದಳು. ಬಾಗಿಲು ತೆರೆದದ್ದು ಪಂಚೆ, ಬನಿಯನ್ನು, ತಲೆಯ ಮೇಲೆ ಕೌಬಾಯ್ ಹ್ಯಾಟಿನ ನಮ್ಮ ಭಾವ. ಅವಳು ಬೈಯಬೇಕೆಂದಿದ್ದು ಆ ಕ್ಷಣಕ್ಕೆ ಮರೆತೇಹೋಯಿತಂತೆ. ಅಷ್ಟರಲ್ಲಿ ಒಳಗಿನಿಂದ ಕುದುರೆ ಕೆನೆಯಿತು.

"ಅಯ್ಯೋ, ಇದನ್ನ ನಾನು ನಮ್ಮಪ್ಪನ ಜೊತೆ ನೋಡ್ತಿದ್ದೆ!" ಎಂದಳು ಅಧ್ಯಕ್ಷೆ, ತನ್ನ ಇಂಗ್ಲಿಷಿನಲ್ಲಿ. ಒಳಗೆ ಬಂದಳು. ಎರಡು ಎಪಿಸೋಡು ನೋಡಿದಳು.

"ಬಂದಿದ್ದು ಕಂಪ್ಲೇಂಟ್ ಮಾಡೋಕೆ, ಹೋಗಿದ್ದು ನನ್ನ ಕೋಡುಬಳೆ ಡಬ್ಬ ಎತ್ಕೊಂಡು," ಎಂದು ಅಕ್ಕ ಇವತ್ತಿಗೂ ಗೊಣಗುತ್ತಾಳೆ. ಆಂಟೆನಾ ಅಲ್ಲೇ ಇದೆ. ಡಬ್ಬ ವಾಪಸ್ಸು ಬಂದಿಲ್ಲ.

ಆದರೆ ಭಾವನವರ ಪ್ರತಿಭೆ ಪೂರ್ತಿ ಅರಳಿದ್ದು ಬುಧವಾರಗಳಂದು. ಮರ್ಫಿ, ಪಕ್ಕದೂರು ಪ್ಲೇನೋ ಸುತ್ತಮುತ್ತ ಮಕ್ಕಳ ಮನೆಗೆಂದು ಬಂದಿರುವ ನಮ್ಮ ಕಡೆಯ ಹಿರಿಯರು ಬೇಕಾದಷ್ಟಿದ್ದಾರೆ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಸ್ಕೂಲಿಗೆ. ಡ್ರೈವಿಂಗ್ ಬರುವುದಿಲ್ಲ, ನಡೆದು ಹೋಗೋಣವೆಂದರೆ ಹೋಗುವುದಕ್ಕೆ ಎಲ್ಲೂ ಏನೂ ಇಲ್ಲ. ಅಂಥವರನ್ನೆಲ್ಲ ಭಾವ ಬುಧವಾರ ಬೆಳಿಗ್ಗೆ ಮನೆಗೆ ಕರೆದರು. ಮಕ್ಕಳು ಆಫೀಸಿಗೆ ಹೋಗುತ್ತ ಇಳಿಸಿ ಹೋಗುತ್ತಾರೆ. ಟಿ.ವಿ. ಹಾಕಿ, ಸೌಂಡ್ ಪೂರ್ತಿ ಬಂದ್ ಮಾಡಿ, ಭಾವ ಪಕ್ಕದಲ್ಲಿ ಕೂತು ಎಲ್ಲ ಪಾತ್ರಗಳಿಗೂ ತಾವೇ ಕನ್ನಡದಲ್ಲಿ ಮಾತು ಕೊಡುತ್ತಾರೆ!

ಷರೀಫನದು ಮೈಸೂರು ಕನ್ನಡ. ಪಿಸ್ತೂಲು ಹಿಡಿದು, "ಸ್ವಲ್ಪ ಕೈ ಮೇಲೆ ಮಾಡ್ತೀರಾ? ನಿಧಾನ, ಉಳುಕೀತು," ಎನ್ನುತ್ತಾನೆ. ಕುದುರೆ ಕಳ್ಳನದು ಧಾರವಾಡ. "ಏ ಷರೀಫಾ, ಅತ್ಲಾಗ್ ಸರಿ, ಇಲ್ಲಾಂದ್ರ ಗುಂಡ್ ಹಾರಸ್ತೀನಿ ನೋಡ್!" ಸಲೂನು ಎಂಬ ಹೆಂಡದಂಗಡಿಗೆ ಹೋಗಿ ಗಟಗಟ ಕುಡಿಯುವವರು ಹಿರಿಯರ ಮರ್ಯಾದೆಗಾಗಿ ಮಜ್ಜಿಗೆಯನ್ನೇ ಕುಡಿಯುತ್ತಾರೆ.

"ಮಜ್ಜಿಗೆ ಕುಡಿದು ಯಾಕ್ ಸಾರ್ ಹಿಂಗೆ ಉರುಳಿಬಿದ್ದ?" ಎಂದು ಮಂಡ್ಯದ ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು.

"ಹುಳಿ ಜಾಸ್ತಿ ಆಗಿತ್ತು ಮೇಷ್ಟ್ರೇ."

ಧಾರವಾಡದ ಅಜ್ಜಿಯೊಬ್ಬರು ಮಾತ್ರ ಒಂದು ದಿನ ಎದ್ದೇ ನಿಂತರು. "ಅಲ್ರೀ ಡಾಕ್ಟರ, ಯಾವಾಗ ನೋಡಿದ್ರೂ ಕಳ್ಳಗ ನಮ್ಮ ಭಾಷಾ ಹಚ್ತೀರಲ್ಲ, ನಾವೇನ್ ನಿಮ್ಮ ಕುದುರಿ ಕದ್ದೇವೇನ್ರಿ?"

ನ್ಯಾಯವಾದ ಮಾತು. ಮುಂದಿನ ಬುಧವಾರ ಭಾಷೆ ಅದಲುಬದಲಾಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬ್ಯಾಂಕಿಗೆ ನುಗ್ಗಿದ ದರೋಡೆಕೋರ ಹೇಳಿದ: "ದಯವಿಟ್ಟು ತಪ್ಪು ತಿಳ್ಕೋಬೇಡಿ, ಸ್ವಲ್ಪ ದುಡ್ಡು ಬೇಕಾಗಿತ್ತು. ನಿಮಗೆ ತೊಂದರೆ ಇಲ್ಲಾಂದ್ರೆ..."

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. "ಯವ್ವಾ, ಮೈಸೂರವ್ರು ಕದಿಯೂದೂ ಹಿಂಗ ಏನ್ರಿ!"

ಹೀಗೆ ನಡೆಯುತ್ತಿದ್ದಾಗ, ಕಳೆದ ಚಳಿಗಾಲದಲ್ಲಿ ಭಾವನವರ ದನಿ ಒಡೆಯಿತು. ಕಳ್ಳರ ಪಾತ್ರ ಜಾಸ್ತಿ ಮಾಡಿದ್ದಕ್ಕೆ ಎಂದು ನಾವೆಲ್ಲ ರೇಗಿಸಿದೆವು. ವಾರಗಳು ಕಳೆದರೂ ಸರಿಹೋಗಲಿಲ್ಲ. ಗಂಟಲಿನ ಡಾಕ್ಟರು ನೋಡಿದರು. ಧ್ವನಿತಂತುವಿನ ಮೇಲೆ ಒಂದು ಗಂಟು. ತೆಗೆದು ಪರೀಕ್ಷೆಗೆ ಕಳಿಸಿದರು. ಗಾಯ ಮಾಯುವವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು ಎಂದರು. (ಓದುಗರು ಗಾಬರಿಯಾಗುವುದು ಬೇಡ, ಈಗಲೇ ಹೇಳಿಬಿಡುತ್ತೇನೆ: ಗಂಟು ಸಾಧುಪ್ರಾಣಿ, ಅಪಾಯದ್ದಲ್ಲ. ಆದರೆ ಅದು ಗೊತ್ತಾದದ್ದು ಶುಕ್ರವಾರ. ನಾನು ಹೇಳುತ್ತಿರುವುದು ಅದಕ್ಕೆ ಮೊದಲಿನ ದಿನಗಳ ಮಾತು.)

ಆಫೀಸಿನ ಲ್ಯಾಪ್‌ಟಾಪ್ ತೆಗೆದುಕೊಂಡು ನಾನು ಮರ್ಫಿಗೆ ಹೋಗಿ ಉಳಿದೆ. ಅಂಥ ಮೌನ ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ಭಾವ ಎರಡು ಬೆರಳಿನಲ್ಲಿ ಪಿಸ್ತೂಲು ಮಾಡಿ ತೋರಿಸಿದರೆ ಕಾಫಿ ಬೇಕು, ಹ್ಯಾಟು ಎತ್ತಿದಂತೆ ಮಾಡಿದರೆ 'ಸಾಕು' ಎಂದರ್ಥ. ನಾನು ನಗುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ. ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಫೋನು ರಿಂಗಾದರೆ ಇಬ್ಬರೂ ಒಟ್ಟಿಗೆ ತಿರುಗಿ ನೋಡಿ, ಒಬ್ಬರನ್ನೊಬ್ಬರು ನೋಡದೆ ತಲೆ ತಗ್ಗಿಸುತ್ತಿದ್ದರು.

ಬುಧವಾರ ಬಂತು. ಬೇಡವೆಂದು ಎಲ್ಲರಿಗೂ ಹೇಳಲು ನಮಗೆ ಮರೆತೇಹೋಗಿತ್ತು. ಕಾರುಗಳು ಬಂದವು, ಹಿರಿಯರನ್ನು ಇಳಿಸಿದವು, ಹೋದವು. ವಿಷಯ ಗೊತ್ತಾಗಿ ಎಲ್ಲರೂ ಪೆಚ್ಚಾದರು. ಭಾವ ಮಾತ್ರ ಕೈಸನ್ನೆ ಮಾಡಿ ಕೂರಿಸಿದರು. ಅಭ್ಯಾಸದಂತೆ ಟಿ.ವಿ. ಹಾಕಿ, ಸೌಂಡ್ ತೆಗೆದು, ತಮ್ಮ ಜಾಗದಲ್ಲಿ ಕೂತರು. ಷರೀಫ ಕುದುರೆಯಿಂದ ಇಳಿದ. ಬಾಯಿ ತೆರೆದ. ಏನೂ ಕೇಳಿಸಲಿಲ್ಲ. ಮತ್ತೆ ಬಾಯಿ ಆಡಿಸಿದ. ಭಾವ ಗಂಟಲು ಮುಟ್ಟಿಕೊಂಡು ನೆಲ ನೋಡಿದರು.

ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು: "ಏನ್ರಪ್ಪಾ, ಊರೇ ಬಿಕೋ ಅಂತಿದೆ, ಎಲ್ಲಿ ಹೋದ್ರಿ ಎಲ್ರೂ?"

ಅಕ್ಕ! ನಾಲ್ಕು ಜನರೆದುರು ಹಾಡು ಹೇಳು ಎಂದರೆ ಹಿತ್ತಲಿಗೆ ಓಡುತ್ತಿದ್ದ ನಮ್ಮ ಅಕ್ಕ! ಕಾಫಿ ತಟ್ಟೆ ಇಟ್ಟು, ಭಾವನ ಪಕ್ಕ ಕೂತು, ಷರೀಫ, ಕಳ್ಳ, ಅಂಗಡಿಯವನು ಎಲ್ಲರಿಗೂ ಮಾತು ಕೊಟ್ಟಳು. ಎಲ್ಲರದೂ ಒಂದೇ ದನಿ, ಒಂದೇ ಮೈಸೂರು. ಯಾರೂ ತಕರಾರು ಮಾಡಲಿಲ್ಲ. ಭಾವ ಬಾಯಿ ತೆರೆದುಕೊಂಡು ಟಿ.ವಿ. ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಮೊದಲ ಎಪಿಸೋಡು ಮುಗಿದಾಗ ಅಡುಗೆಮನೆಯಲ್ಲಿ ಅವಳನ್ನು ಹಿಡಿದುಕೊಂಡೆ. "ಇದನ್ನೆಲ್ಲ ಯಾವಾಗ ಕಲಿತೆ ಅಕ್ಕಾ?"

"ಕಲಿಯೋದೇನು, ಇದು ಅವರದ್ದಲ್ಲ ಕಣೆ, ನಂದು," ಎಂದಳು, ಡಿಕಾಕ್ಷನ್ ಬಗ್ಗಿಸುತ್ತ. "ಮದುವೆಯಾಗಿ ಹ್ಯೂಸ್ಟನ್‌ಗೆ ಬಂದೆನಲ್ಲ, ಇವರು ಆಸ್ಪತ್ರೆಗೆ ಹೋದ್ರೆ ಯಾವಾಗ ಬರ್ತಾರೋ ಗೊತ್ತಿಲ್ಲ. ನಂಗೆ ಈ ಜನರ ಇಂಗ್ಲಿಷು ಒಂದಕ್ಷರ ಅರ್ಥ ಆಗ್ತಿರಲಿಲ್ಲ. ದಿನವೆಲ್ಲ ಕನ್ನಡ ಕಿವಿಗೇ ಬೀಳ್ತಿರಲಿಲ್ಲ. ಅದಕ್ಕೇ ಟಿ.ವಿ. ಹಾಕಿ, ಸೌಂಡ್ ತೆಗೆದು, ಅವರ ಮಾತೆಲ್ಲ ನಾನೇ ಆಡ್ತಿದ್ದೆ. ಒಂದಿನ ಇವರು ಬಾಗಿಲ ಹೊರಗೇ ನಿಂತು ಕೇಳಿಸ್ಕೊಂಡುಬಿಟ್ರು. ಒಳಗೆ ಬಂದು ನಕ್ಕಿದ್ದೇ ನಕ್ಕಿದ್ದು. ಆವತ್ತಿಂದ ನಾನು ಬಿಟ್ಟೆ. ಇವರು ಹಿಡ್ಕೊಂಡ್ರು."

ಅಷ್ಟು ಹೇಳಿ ಲೋಟಗಳನ್ನು ಎತ್ತಿಕೊಂಡು ಹೊರಟಳು.

ಎರಡನೆಯ ಎಪಿಸೋಡಿನಲ್ಲಿ ಷರೀಫ ಕೆಲಸ ಮುಗಿಸಿ ಮನೆಗೆ ಬರುತ್ತಾನೆ. ಹೆಂಡತಿ ಜಗುಲಿಯಲ್ಲಿ ಕಾಯುತ್ತಿದ್ದಾಳೆ. ಅವನು ಹ್ಯಾಟು ತೆಗೆದು ಏನೋ ಕೇಳುತ್ತಾನೆ. ಇಂಗ್ಲಿಷಿನಲ್ಲಿ ಏನು ಕೇಳಿದನೋ ಯಾರಿಗೆ ಗೊತ್ತು! ಅಕ್ಕ ಮೆಲ್ಲಗೆ ಹೇಳಿದಳು: "ದಿನವೆಲ್ಲ ಒಬ್ಬಳೇ ಇದ್ಯಲ್ಲ, ಬೇಜಾರಾಯ್ತಾ?"

ತೆರೆಯ ಮೇಲೆ ಹೆಂಡತಿಯ ತುಟಿ ಅಲುಗಿತು. ಅವಳ ಮಾತು ಬರಬೇಕು. ಅಕ್ಕ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕೂತವರೆಲ್ಲ ಕಾಯುತ್ತಿದ್ದರು.

"ಆಗ್ತಿತ್ತು ರೀ..."

ಒಡೆದ, ಗೊಗ್ಗರು ದನಿ. ಭಾವ! ಇಷ್ಟು ವರ್ಷದ ಸಂಸಾರದಲ್ಲಿ ಅಕ್ಕನನ್ನು ಅವರು 'ರೀ' ಎಂದದ್ದು ಅದೇ ಮೊದಲು. ಕಣ್ಣು ಟಿ.ವಿ.ಯ ಮೇಲೇ ಇತ್ತು.

"ತುಂಬಾ ಬೇಜಾರಾಗ್ತಿತ್ತು. ಇಷ್ಟು ದಿನ ಯಾಕ್ರೀ ಒಂದ್ಸಲಾನೂ ಕೇಳ್ಲಿಲ್ಲ ನೀವು?"

ಷರೀಫ ಉತ್ತರ ಕೊಡಬೇಕಿತ್ತು. ಅಕ್ಕ ಭಾವನ ಮುಂಗೈ ಹಿಡಿದುಕೊಂಡಳು.

"ಈಗ ಕೇಳಿದ್ನಲ್ಲ, ಬಿಡು," ಎಂದಳು. "ಸುಮ್ನಿರು ಇನ್ನು. ಡಾಕ್ಟ್ರು ಮಾತಾಡ್ಬೇಡ ಅಂದಿದಾರೆ."

ತೆರೆಯ ಮೇಲೆ ಯಾವುದೋ ಸೋಪಿನ ಜಾಹೀರಾತು ಬಂತು. ಯಾರೂ ಸೌಂಡ್ ಹಾಕಲಿಲ್ಲ.