ಸಂತೆ ಚೌಕಕ್ಕೆ ಗಡಿಗೇಟು ಕಳಿಸಿಕೊಟ್ಟ ಮಾನ್ಯರಿಗೆ

ಬರ್ಲಿನ್ನಿನ ಕೇಂದ್ರ ಕಚೇರಿಯ ಆರನೇ ಮಹಡಿಯಿಂದಲೇ ಇಡೀ ದೇಶದ ನಾಡಿ ಹಿಡಿದು ನೋಡುತ್ತಿರುವ, ಶ್ರಮಿಕ ಒಕ್ಕೂಟ ಪಕ್ಷದ ಪ್ರಚಾರತಂತ್ರ ಮುಖ್ಯಸ್ಥರಾದ ಡಾ. ಫಾಲ್ಕೋ ಹೆರ್ವಿಗ್ ಅವರ ಸನ್ನಿಧಿಗೆ, ಎಲ್ಬೆ ನದಿ ದಂಡೆಯ ಆಲ್ಟೆನ್‌ವೆರ್ಡ್ ಊರಿನಿಂದ ಸಕಲ ಗೌರವಗಳೊಂದಿಗೆ.

ಮಾನ್ಯರೇ,

ತಮಗೆ ನನ್ನ ಪರಿಚಯ ಇರಲಾರದು. ನಾನು ಮೂವತ್ತೊಂದು ವರ್ಷ ಈ ಊರಿನಲ್ಲಿ ಅಂಚೆ ಹಂಚಿ ನಿವೃತ್ತಳಾದವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಬರೀ ಬೊಗಳುತ್ತಾನೆ ಎಂದು ಬಲ್ಲವಳು. ಮೂವತ್ತು ವರ್ಷಗಳಿಂದ ಪಕ್ಷದ ಸದಸ್ಯಳಾಗಿ, ಪ್ರತಿ ಶನಿವಾರ ಸಂತೆ ಚೌಕದಲ್ಲಿ ಮೀನಿನ ಗಾಡಿಗೂ ಹೂವಿನ ಅಂಗಡಿಗೂ ನಡುವೆ ಪಕ್ಷದ ಕೆಂಪು ಕೊಡೆ ಬಿಚ್ಚಿ ನಿಲ್ಲುವವಳು. ಈ ಸಲದ ಚುನಾವಣೆಯಲ್ಲಿ ತಾವು ನಮಗೆ ಮಾಡಿದ ಉಪಕಾರಕ್ಕೆ ಕೃತಜ್ಞತೆ ಹೇಳದಿದ್ದರೆ ಈ ಜನ್ಮಕ್ಕೆ ನನಗೆ ಸಮಾಧಾನವಿಲ್ಲ ಎನ್ನಿಸಿ ಬರೆಯುತ್ತಿದ್ದೇನೆ.

ತಮ್ಮ ಮಾರ್ಗದರ್ಶನ ಸಿಗುವ ಮುಂಚೆ ನಾವು ಎಂಥ ಅಜ್ಞಾನದಲ್ಲಿದ್ದೆವು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಮ್ಮೂರಿನಿಂದ ಜಿಲ್ಲಾಸ್ಪತ್ರೆಗೆ ಹೋಗುವ ನಾಲ್ಕನೇ ನಂಬರಿನ ಬಸ್ಸು ದಿನಕ್ಕೆ ಆರು ಸಲ ಓಡುತ್ತಿದ್ದದ್ದು ಎರಡು ಸಲಕ್ಕೆ ಇಳಿದಿತ್ತು. ನನ್ನ ಜೊತೆ ಶಾಲೆಗೆ ಹೋದ ಡೀಟ್ಮಾರ್ ವ್ರೋಬೆಲ್‌ನ ಹೆಂಡತಿ ರೋಸ್ವಿತಾಳಿಗೆ ಕಾಲಿನ ಹುಣ್ಣು. ವಾರಕ್ಕೆರಡು ದಿನ ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ, ಒಂಬತ್ತಕ್ಕೆಲ್ಲ ಪಟ್ಟಿ ಕಟ್ಟಿಸಿಕೊಂಡು, ವಾಪಸ್ ಬಸ್ಸು ಹೊರಡುವ ನಾಲ್ಕೂವರೆಯವರೆಗೆ ಆಸ್ಪತ್ರೆಯೆದುರಿನ ನಿಲ್ದಾಣದಲ್ಲಿ ಕಾಲು ಚಾಚಿಕೊಂಡು ಕೂರುತ್ತಿದ್ದಳು. ಇದನ್ನು ನೋಡಿ ನೋಡಿ ಬುದ್ಧಿ ಮಂಕಾದ ನಾವು, ಊರಿನವರಿಗೆ ಬೇಕಿರುವುದು ಬಸ್ಸು ಎಂದು ತಪ್ಪು ತಿಳಿದು, "ನಾಲ್ಕನೇ ನಂಬರು ಮತ್ತೆ ಆರು ಸಲ ಓಡಲಿ" ಎಂಬ ಒಂದೇ ಸಾಲಿನ ಕರಪತ್ರ ಮಾಡಿಸಿದ್ದೆವು. ಅದರಲ್ಲಿದ್ದ ಚಿತ್ರ ಆ ಬಸ್ಸಿನ ಚಾಲಕ ಜಾವಿದ್ ನೂರ್ಜಾಯ್‌ನದು. ಅವನು ಹನ್ನೆರಡು ವರ್ಷದ ಹಿಂದೆ ಅಫ್ಘಾನಿಸ್ತಾನದಿಂದ ಬಂದವನು, ಒಂಬತ್ತು ವರ್ಷದಿಂದ ಇದೇ ಬಸ್ಸು ಓಡಿಸುತ್ತಿರುವವನು, ಪುರಸಭೆಗೆ ನಮ್ಮ ಪಟ್ಟಿಯ ಮೂರನೇ ಅಭ್ಯರ್ಥಿ.

ಅಷ್ಟರಲ್ಲಿ ತಮ್ಮ ಎಂಟು ಪೆಟ್ಟಿಗೆಗಳು ಬಂದವು. ಹಳೆಯ ಕರಪತ್ರ ಹಂಚಕೂಡದೆಂಬ ಸೂಚನೆಯ ಜೊತೆಗೆ ಹೊಸ ಕರಪತ್ರ: "ಗಡಿ ಬಿಗಿಯಾಗಲಿ. ತಾಳ್ಮೆಗೂ ಮಿತಿಯುಂಟು." ನಮ್ಮ ಕೊಡೆಯಿಂದ ಹತ್ತು ಹೆಜ್ಜೆ ಆಚೆ, ಹೊರದೇಶದಿಂದ ಬಂದವರೆಲ್ಲ ಹೊರಡಲಿ ಎನ್ನುವ ತಾಯ್ನೆಲ ಪಕ್ಷದವರ ಮೇಜು, ಅವರ ಕರಪತ್ರದಲ್ಲಿ "ಗಡಿ ಮುಚ್ಚಲಿ. ತಾಳ್ಮೆ ಮುಗಿಯಿತು" ಎಂದಿತ್ತು. ಅವರ ಕಡೆಯ ಶ್ರೀಮತಿ ಓಮಿಶನ್ ನಮ್ಮದೊಂದನ್ನು ಕೇಳಿ ಪಡೆದು, ಹಿಂದೆ ಮುಂದೆ ತಿರುಗಿಸಿ, "ಕಾಗದ ನಿಮ್ಮದೇ ಚೆನ್ನಾಗಿದೆ ಕಣ್ರೀ. ನಮ್ಮದು ಖಾಲಿಯಾದ್ರೆ ಇದನ್ನೇ ಹಂಚ್ತೀವಿ" ಎಂದು ಮೆಚ್ಚಿಕೊಂಡರು. ವಿರೋಧಿಗಳೂ ಬಾಯ್ತುಂಬ ಹೊಗಳುವಂಥ ಸಾಹಿತ್ಯ ನಮ್ಮ ಪಕ್ಷದಿಂದ ಇದುವರೆಗೆ ಬಂದಿರಲಿಲ್ಲ.

ಅವರ ಮಾತನ್ನು ನಾವೇ ಆಡಿಬಿಟ್ಟರೆ ಅವರ ಬಾಯಿಗೆ ಕೆಲಸವಿಲ್ಲದಂತಾಗುತ್ತದೆ ಎಂದು ತಾವು ಸೂಚನಾಪತ್ರದಲ್ಲಿ ವಿವರಿಸಿದ್ದೀರಿ. ನಮ್ಮೂರಿನಿಂದ ಯಾವ ದಿಕ್ಕಿನ ಗಡಿಗೆ ಹೋಗಬೇಕಾದರೂ ಮೂರು ರೈಲು ಬದಲಾಯಿಸಬೇಕು, ಮೊದಲ ರೈಲು ಹಿಡಿಯುವುದಕ್ಕೆ ಬಸ್ಸು ಬೇಕು ಎಂದು ತಮ್ಮ ಕಚೇರಿಗೆ ಫೋನು ಮಾಡಿ ಹೇಳಿದಾಗ, ತಮ್ಮ ಸಹಾಯಕಿಯೊಬ್ಬರು ತುಂಬ ಸೌಜನ್ಯದಿಂದ, ಸಮೀಕ್ಷೆಯ ಪ್ರಕಾರ ಬಸ್ಸು ಯಾರ ಭಾವನೆಯನ್ನೂ ಕೆರಳಿಸುವುದಿಲ್ಲ ಎಂದು ತಿಳಿಸಿದರು. ರೋಸ್ವಿತಾ ನಿಲ್ದಾಣದಲ್ಲಿ ಏಳೂವರೆ ಗಂಟೆ ಹೊತ್ತು ಸುಮ್ಮನೆ ಕೂತಿರುತ್ತಿದ್ದಳೇ ಹೊರತು ಕೆರಳಿ ಏನನ್ನೂ ಒಡೆದುಹಾಕುತ್ತಿರಲಿಲ್ಲವಾದ್ದರಿಂದ ಸಮೀಕ್ಷೆ ಸರಿಯಾಗಿಯೇ ಇದೆ.

ಲಕೋಟೆಯೊಳಗೆ ಏನಿದೆಯೆಂದು ಕೇಳದೆ ತಲುಪಿಸುವುದೇ ಮೂವತ್ತೊಂದು ವರ್ಷ ನಾನು ಕಲಿತ ವಿದ್ಯೆ. ಹಾಗಾಗಿ ತಮ್ಮ ಕರಪತ್ರಗಳನ್ನು, ಮಾನ್ಯರೇ, ನಾನೇ ನನ್ನ ಕೈಯಾರೆ ಮನೆಮನೆಗೆ ಹಂಚಿದೆ. ಸಾವಿರದ ನಾನೂರು.

ಆಮೇಲೆ ಪಕ್ಷದ ಅಧ್ಯಕ್ಷರು ನಮ್ಮೂರಿಗೆ ಬರುವುದು ನಿಶ್ಚಯವಾಯಿತು. ಅವರಿಗಿಂತ ಮೊದಲು ಲಾರಿಯಲ್ಲಿ ಬಂದದ್ದು ಕೆಂಪು ಬಿಳಿ ಪಟ್ಟಿ ಬಳಿದ, ಸ್ವಿಚ್ಚು ಒತ್ತಿದರೆ ಏಳುವ, ಇನ್ನೊಮ್ಮೆ ಒತ್ತಿದರೆ ಇಳಿಯುವ ಒಂದು ಗಡಿಗೇಟು. ಅದನ್ನು ಸಂತೆ ಚೌಕದ ಬಾಯಿಗೇ ನಿಲ್ಲಿಸಿ, ಅಧ್ಯಕ್ಷರು ಮಳೆಯಂಗಿ ತೊಟ್ಟು ತಾವೇ ಅದನ್ನು ಇಳಿಸುವಂತೆ ಚಿತ್ರ ತೆಗೆಸುವುದು ತಮ್ಮ ಯೋಜನೆ. ಚಿತ್ರದಲ್ಲಿ ಜಾವಿದ್ ಕಾಣಿಸಿದರೆ ಸಂದೇಶ ಗೊಂದಲವಾಗುತ್ತದೆಂದೂ ಅವನು ಚೌಕಟ್ಟಿನ ಹೊರಗೆ ಇರತಕ್ಕದ್ದೆಂದೂ ತಮ್ಮ ಕಚೇರಿ ನನಗೆ ತಿಳಿಸಿತು. ಅದನ್ನು ಅವನಿಗೆ ಹೇಳುವ ಗೌರವವನ್ನೂ ನನಗೇ ದಯಪಾಲಿಸಿತು.

ನಾನು ಹೇಳಿದೆ. ಅವನು ಬೇಸರ ತೋರಿಸಲಿಲ್ಲ, ವಾದಿಸಲಿಲ್ಲ. "ಎಷ್ಟು ದೂರ ನಿಲ್ಲಲಿ, ಶ್ರೀಮತಿ ಟೀಸ್ಲರ್?" ಎಂದು ಮಾತ್ರ ಕೇಳಿದ. ನಾನು ಔಷಧಿ ಅಂಗಡಿಯ ಮೂಲೆಯ ಕಡೆ ಕೈ ತೋರಿಸಿದೆ. ಆ ಕೈಯನ್ನು ಏನು ಮಾಡಬೇಕೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ಆ ದಿನದ ವೈಭವವನ್ನು ತಾವು ಕಣ್ಣಾರೆ ಕಾಣಲಿಲ್ಲ. ಡೀಟ್ಮಾರ್ ಮಗಳ ಮದುವೆಯ ಟೈ ಕಟ್ಟಿಕೊಂಡು, ಬಸ್ಸಿನ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಓದಿ ಮುಗಿಸಿದ ಮೇಲೆ ಅಧ್ಯಕ್ಷರು ಅವನ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಆತಂಕ ನನಗೆ ಅರ್ಥವಾಗುತ್ತೆ" ಎಂದು ಹೇಳಿ, ಅಲ್ಲಿಂದ ಆರು ನಿಮಿಷ ಗಡಿಯ ಬಗ್ಗೆ ಮಾತಾಡಿದರು. ಡೀಟ್ಮಾರ್ ಚೀಟಿಯನ್ನು ಎರಡು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡ. ಬಳಿಕ ಅಧ್ಯಕ್ಷರು ಸ್ವಿಚ್ಚು ಒತ್ತಿದರು, ಗೇಟು ಇಳಿಯಿತು, ಚಿತ್ರಗಳು ಸೊಗಸಾಗಿ ಬಂದವು. ಗೇಟು ಮಾತ್ರ ಮತ್ತೆ ಏಳಲಿಲ್ಲ. ಅಧ್ಯಕ್ಷರ ಕಾರು ಒಳಗೇ ಉಳಿಯಿತು, ಮೀನಿನ ಗಾಡಿಯೂ ಉಳಿಯಿತು, ಮೂರು ಟಿ.ವಿ. ಕ್ಯಾಮೆರಾಗಳೂ ಉಳಿದವು. ನಮ್ಮೂರಿನ ಗಡಿ ಅರ್ಧ ಗಂಟೆ ಹೊತ್ತು ಯುರೋಪಿನಲ್ಲೇ ಅತ್ಯಂತ ಬಿಗಿಯಾದ ಗಡಿಯಾಗಿತ್ತು. ಅದನ್ನು ದಾಟಲಾಗದೆ ಒದ್ದಾಡಿದವರು ನಮ್ಮ ಪಕ್ಷದ ಅಧ್ಯಕ್ಷರೊಬ್ಬರೇ.

ಕೊನೆಗೆ ಔಷಧಿ ಅಂಗಡಿಯ ಮೂಲೆಯಿಂದ ಜಾವಿದ್ ಬಸ್ಸಿನ ಸಲಕರಣೆ ಚೀಲ ತೆಗೆದುಕೊಂಡು ಬಂದ. ಯಾರೂ ಅವನನ್ನು ಕರೆದಿರಲಿಲ್ಲ. ನೆಲಕ್ಕೆ ಮಂಡಿಯೂರಿ, ಮುಚ್ಚಳ ಬಿಚ್ಚಿ, ಸಿಕ್ಕಿಕೊಂಡಿದ್ದ ಸರಪಳಿ ಸರಿಮಾಡಿದ. ನಾಲ್ಕು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ತಮ್ಮ ಕಚೇರಿಯವರು ಅತ್ಯಂತ ಹತ್ತಿರದ ಕ್ಯಾಮೆರಾದ ಕಣ್ಣಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದರು. ಅಧ್ಯಕ್ಷರು ಅವನ ಕೈ ಕುಲುಕಿ, ಇಂಥ ಕೈಗಳೇ ದೇಶಕ್ಕೆ ಬೇಕಾಗಿರುವುದು ಎಂದು, ಮೈಕು ತೆಗೆದಿಟ್ಟ ಮೇಲೆ, ಮೆಲ್ಲಗೆ ಹೇಳಿದರು.

ಫಲಿತಾಂಶ ತಮಗೆ ಗೊತ್ತಿದೆ. ಒಂದು ಕಾಲಕ್ಕೆ ನೂರಕ್ಕೆ ನಲವತ್ತೊಂದು ಮತ ಕೊಟ್ಟಿದ್ದ ಊರಿನಲ್ಲಿ ನಮಗೆ ಹನ್ನೊಂದು, ತಾಯ್ನೆಲ ಪಕ್ಷಕ್ಕೆ ಮೂವತ್ತೆಂಟು. ನಾವು ಸಾಕಷ್ಟು ಕಠಿಣವಾಗಿ ಮಾತಾಡಲಿಲ್ಲವೆಂದೂ ಮುಂದಿನ ಸಲ ಇನ್ನೂ ಸ್ಪಷ್ಟವಾಗಿ ಮಾತಾಡಬೇಕೆಂದೂ ತಾವು ಬರೆದ ಹದಿನೇಳು ಪುಟಗಳ ವಿಶ್ಲೇಷಣೆಯನ್ನು ಓದಿ ಧನ್ಯಳಾದೆ. ಈ ಸಂಬಂಧ ನನ್ನದೊಂದು ಸಣ್ಣ ಬೇಡಿಕೆ: ಮುಂದಿನ ಚುನಾವಣೆಯೊಳಗೆ ನಮ್ಮೂರಿಗೆ ಒಂದು ನಿಜವಾದ ಗಡಿಯನ್ನೇ ಮಂಜೂರು ಮಾಡಿಸಿ. ಪೋಲೆಂಡನ್ನು ಒಂದಿನ್ನೂರು ಕಿಲೋಮೀಟರ್ ಈಚೆಗೆ ಎಳೆದರೆ ಸಾಕು. ಗಡಿಯೆಂದ ಮೇಲೆ ಕಾವಲಿನವರು ಬರುತ್ತಾರೆ, ಅವರು ಕೆಲಸಕ್ಕೆ ಬರಲು ಬಸ್ಸು ಬಿಡಲೇಬೇಕಾಗುತ್ತದೆ, ಅದರಲ್ಲಿ ಒಂದು ಸೀಟು ರೋಸ್ವಿತಾಳಿಗೆ ಸಿಕ್ಕೀತು.

ಇನ್ನೆರಡು ಸಂಗತಿ ತಿಳಿಸಿ ಮುಗಿಸುತ್ತೇನೆ. ಚುನಾವಣೆಯ ಮರುವಾರ ಜಾವಿದ್ ನನ್ನ ಅಡುಗೆಮನೆಗೆ ಬಂದು ಕುಳಿತ. ಒಂಬತ್ತು ವರ್ಷ ಅವನ ಬಸ್ಸಿನಲ್ಲಿ ಓಡಾಡಿ ಇಳಿಯುವಾಗ ವಂದನೆ ಹೇಳುತ್ತಿದ್ದವರು ಈಗ, ಯಾವಾಗ ಹೊರಡುತ್ತೀಯ ಎಂದು ನಗುನಗುತ್ತಲೇ ಕೇಳುತ್ತಾರಂತೆ. ಮೊದಲ ದಿನ ಒಬ್ಬರು, ಮೂರನೇ ದಿನ ನಾಲ್ವರು. ಅವನು ಹ್ಯಾಂಬರ್ಗಿಗೆ ವರ್ಗ ಕೇಳಿದ್ದಾನೆ, ಸಿಕ್ಕಿದೆ. ಅವನ ಜಾಗಕ್ಕೆ ಬರುವ ಚಾಲಕರಿಲ್ಲವಾದ್ದರಿಂದ ನವೆಂಬರ್ ಒಂದರಿಂದ ನಾಲ್ಕನೇ ನಂಬರಿನ ಬಸ್ಸು ಒಂದು ಸಲವೂ ಓಡುವುದಿಲ್ಲ.

ಆ ಸುದ್ದಿ ಕೇಳಿದ ದಿನ ಡೀಟ್ಮಾರ್ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತು, ತಾಯ್ನೆಲಕ್ಕೆ ಓಟು ಹಾಕಿದೆ ಎಂದ. ಯಾಕೆ ಎಂದು ಕೇಳಿದೆ.

"ಅವರು ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ರು ಇರ್ಮಾ, ನಾನು ನಂಬಿರ್ಲಿಲ್ಲ. ಈ ಸಲ ನೀನೇ ಮನೆ ಬಾಗಿಲಿಗೆ ಬಂದು ಅದನ್ನೇ ಕೊಟ್ಟೆ. ನೀನು ಕೊಟ್ಟಮೇಲೆ ನಿಜಾನೇ ಇರ್ಬೇಕು ಅಂದ್ಕೊಂಡೆ."

ಅವನು ದೂರುತ್ತಿರಲಿಲ್ಲ, ಮಾನ್ಯರೇ. ತನ್ನ ತಪ್ಪಿಗೆ ಕ್ಷಮೆ ಕೇಳುತ್ತಿದ್ದ. ನನ್ನನ್ನು ನಂಬಿದ್ದಕ್ಕೆ ನನ್ನಲ್ಲೇ ಕ್ಷಮೆ ಕೇಳಿದ ಆ ಮನುಷ್ಯನಿಗೆ ಏನು ಉತ್ತರ ಕೊಡಬೇಕೆಂದು ತಮ್ಮ ಹದಿನೇಳು ಪುಟಗಳಲ್ಲಿ ಎರಡೆರಡು ಸಲ ಹುಡುಕಿದೆ, ಸಿಗಲಿಲ್ಲ. ಸದ್ಯಕ್ಕೆ ಮಂಗಳವಾರ ಮತ್ತು ಶುಕ್ರವಾರ ರೋಸ್ವಿತಾಳನ್ನು ನನ್ನ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ದಾರಿಯುದ್ದಕ್ಕೂ ನಾವಿಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತೇವೆ.

ತಮ್ಮ ಮೇಲೆ ವಿಶ್ವಾಸವಿಟ್ಟು ಊರಿನ ವಿಶ್ವಾಸ ಕಳೆದುಕೊಂಡ,
ಇರ್ಮ್‌ಗಾರ್ಡ್ ಟೀಸ್ಲರ್
ಆಲ್ಟೆನ್‌ವೆರ್ಡ್

ಮರೆತ ಮಾತು: ಪಕ್ಷ ಬಿಡುವವರಿಗೆಂದು ತಾವು ಕಳಿಸಿರುವ ನಮೂನೆಯಲ್ಲಿ "ಪಕ್ಷ ತುಂಬ ಮೆದು", "ಪಕ್ಷ ಸ್ವಲ್ಪ ಮೆದು", "ಪಕ್ಷ ಇನ್ನೂ ಮೆದು" ಎಂಬ ಮೂರು ಕಾರಣಗಳಿದ್ದು, ನಾಲ್ಕನೆಯದನ್ನು ಬರೆಯಲು ಜಾಗವಿಲ್ಲದ್ದರಿಂದ ಈ ಪತ್ರವನ್ನು ಜಿಲ್ಲಾ ಪತ್ರಿಕೆಗೆ ಕಳಿಸಿದ್ದೇನೆ. ಉತ್ತರ ಬರೆಯುವ ಮನಸ್ಸಾದರೆ, ತಾಯ್ನೆಲ ಪಕ್ಷದವರು ಏನು ಬರೆಯುತ್ತಾರೋ ನೋಡೋಣವೆಂದು ಕಾಯದೆ, ದಯವಿಟ್ಟು ತಾವೇ ಯೋಚಿಸಿ ಬರೆಯಬೇಕಾಗಿ ವಿನಂತಿ.